ಗಿರಾಕಿ ಕಂಪನಿ ಹಸಿರು ವಿದ್ಯುತ್ತಿನ ಲೆಕ್ಕ ಕೇಳಿದಾಗ: ಸಣ್ಣ ಕಾರ್ಖಾನೆಯವರಿಗೊಂದು ಮಾರ್ಗದರ್ಶಿ

“ನಾವು ಬಿಡಿಭಾಗ ಮಾಡಿಕೊಡುವ ದೊಡ್ಡ ಕಂಪನಿಯಿಂದ ಒಂದು ಎಕ್ಸೆಲ್ ಶೀಟ್ ಬಂದಿದೆ. ವರ್ಷಕ್ಕೆ ಎಷ್ಟು ಯೂನಿಟ್ ಕರೆಂಟ್ ಬಳಸುತ್ತೀರಿ, ಅದರಲ್ಲಿ ಹಸಿರು ಎಷ್ಟು, ದಾಖಲೆ ಏನಿದೆ ಅಂತ ಕೇಳಿದ್ದಾರೆ. ಏನು ಬರೆಯೋದು?” ಪೀಣ್ಯ, ಬೊಮ್ಮಸಂದ್ರದವರೂ ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯವರೂ ಮತ್ತೆ ಮತ್ತೆ ಕೇಳುವುದು ಇದನ್ನೇ. ಉತ್ತರವನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ.

ಇದನ್ನು ಕೇಳುವುದೇಕೆ ಅನ್ನುವುದು ಮೊದಲು ಗೊತ್ತಿರಲಿ. ಕಂಪನಿಗಳು ತಮ್ಮ ಇಂಗಾಲದ ಹೊಗೆಯನ್ನು ಮೂರು ಪಾಲು ಮಾಡಿ ಲೆಕ್ಕ ಹಾಕುತ್ತವೆ. ತಮ್ಮ ಆವರಣದಲ್ಲೇ ಉರಿಸುವ ಡೀಸೆಲ್, ಗ್ಯಾಸ್ ಸ್ಕೋಪ್ 1. ಕೊಂಡ ವಿದ್ಯುತ್ತಿನ ಹೊಗೆ ಸ್ಕೋಪ್ 2. ಸರಕು ಪೂರೈಸುವವರು, ಸಾಗಿಸುವವರು, ಬಳಸುವವರು ಹೀಗೆ ಬೇರೆಯವರ ಕಡೆ ಏಳುವ ಹೊಗೆ ಸ್ಕೋಪ್ 3. ನಿಮ್ಮ ಲೇತ್, ಕಂಪ್ರೆಸರ್, ಇಂಡಕ್ಷನ್ ಫರ್ನೇಸ್ ತಿನ್ನುವ ಕರೆಂಟು ನಿಮಗೆ ಸ್ಕೋಪ್ 2, ನಿಮ್ಮ ಗಿರಾಕಿಗೆ ಸ್ಕೋಪ್ 3. ಬಹುತೇಕ ದೊಡ್ಡ ತಯಾರಕರ ಲೆಕ್ಕದಲ್ಲಿ ಈ ಮೂರನೆಯ ಪಾಲೇ ಹೆಚ್ಚು.

ಒತ್ತಡ ಎರಡು ಕಡೆಯಿಂದ ಬರುತ್ತಿದೆ. ಆಪಲ್ ತನ್ನ ಪೂರೈಕೆದಾರರಿಗಾಗಿ 2015ರಲ್ಲಿ ಶುದ್ಧ ವಿದ್ಯುತ್ ಕಾರ್ಯಕ್ರಮ ಶುರು ಮಾಡಿತು. 2030ರೊಳಗೆ ತನ್ನ ಸರಕಿನ ತಯಾರಿಕೆಯೆಲ್ಲ ನವೀಕರಿಸಬಹುದಾದ ವಿದ್ಯುತ್ತಿನಿಂದಲೇ ನಡೆಯಬೇಕು ಎಂದು ಅವರನ್ನು ಕೇಳಿದೆ. ನರಸಾಪುರ, ದೇವನಹಳ್ಳಿಗಳಲ್ಲಿ ಐಫೋನ್ ತಯಾರಾಗುತ್ತಿರುವಾಗ ಇದು ದೂರದ ಮಾತಲ್ಲ. ಇತ್ತ ಷೇರುಪೇಟೆಯ ನಿಯಂತ್ರಕ ಸೆಬಿ 2022–23ರಿಂದ ಅಗ್ರ 1000 ಲಿಸ್ಟೆಡ್ ಕಂಪನಿಗಳಿಗೆ ಬಿಆರ್‌ಎಸ್‌ಆರ್ ಎಂಬ ಹೊಣೆಗಾರಿಕೆ ವರದಿಯನ್ನು ಕಡ್ಡಾಯ ಮಾಡಿದೆ. ಖರೀದಿಯಲ್ಲಿ ಶೇ 2 ಅಥವಾ ಅದಕ್ಕಿಂತ ಹೆಚ್ಚು ಪಾಲಿರುವ ಪೂರೈಕೆದಾರರ ಮಾಹಿತಿಯೂ ಅದರ ಮುಂದುವರಿದ ಭಾಗದ ವ್ಯಾಪ್ತಿಗೆ ಬರುತ್ತದೆ.

ಕೈಯಲ್ಲಿ ಇರಬೇಕಾದದ್ದು

ಹನ್ನೆರಡು ತಿಂಗಳ ವಿದ್ಯುತ್ ಬಿಲ್. ಮಂಜೂರಾದ ಲೋಡ್ ಅಥವಾ ಕಾಂಟ್ರಾಕ್ಟ್ ಡಿಮ್ಯಾಂಡ್ ಎಷ್ಟು ಎಂಬ ವಿವರ. ಯಾವ ಪಾಳಿಯಲ್ಲಿ ಎಷ್ಟು ಕರೆಂಟ್ ಹೋಗುತ್ತದೆ ಎಂಬ ಅಂದಾಜು. ಡಿ.ಜಿ. ಸೆಟ್‌ನ (ಡೀಸೆಲ್ ಜನರೇಟರ್) ಡೀಸೆಲ್ ಲೆಕ್ಕ. ಒಟ್ಟು ವಹಿವಾಟಿನಲ್ಲಿ ಪ್ರತಿ ಗಿರಾಕಿಯ ಪಾಲು ಎಷ್ಟು ಎಂಬ ಪಟ್ಟಿ. ಶೆಡ್ ಬಾಡಿಗೆಯದಾದರೆ ಕರಾರು ಪತ್ರ.

ಆರ್.ಆರ್. ನಂಬರ್ (ಬಿಲ್‌ನಲ್ಲಿರುವ ವಿದ್ಯುತ್ ಸಂಪರ್ಕದ ಸಂಖ್ಯೆ) ಯಾರ ಹೆಸರಿನಲ್ಲಿದೆ ಎಂದು ಈಗಲೇ ನೋಡಿಬಿಡಿ. ಬಾಡಿಗೆ ಶೆಡ್‌ಗಳಲ್ಲಿ ಮೀಟರ್ ಸಾಮಾನ್ಯವಾಗಿ ಮಾಲೀಕರ ಹೆಸರಿನಲ್ಲೇ ಇರುತ್ತದೆ. ಕೆಲವು ಕಡೆ ಬಹಳ ಹಿಂದೆ ಶೆಡ್ ಮಾರಿ ಹೋದವರ ಹೆಸರಿನಲ್ಲೂ ಉಳಿದಿರುತ್ತದೆ. ಬಿಲ್ ಕಟ್ಟುವವರೆಗೆ ಅದರಿಂದ ಯಾರಿಗೂ ತೊಂದರೆಯಿಲ್ಲ. ಹೊರಗಿನಿಂದ ಹಸಿರು ವಿದ್ಯುತ್ ತರಲು ಅರ್ಜಿ ಹಾಕುವಾಗ, ಗಿರಾಕಿಯ ಲೆಕ್ಕಪರಿಶೋಧಕರು ಬಿಲ್ ಕೇಳಿದಾಗ ಕೆಲಸ ಅಲ್ಲೇ ನಿಲ್ಲುತ್ತದೆ. ಹೆಸರು ಬದಲಾವಣೆಗೆ ಸಮಯ ಹಿಡಿಯುತ್ತದೆ, ಹಾಗಾಗಿ ಆ ಅರ್ಜಿಯೇ ಮೊದಲ ಕೆಲಸವಾಗಲಿ.

1. ಈಗಿನ ಹೊಗೆ ಎಷ್ಟು, ಲೆಕ್ಕ ಹಾಕಿ

ವರ್ಷದ ಒಟ್ಟು ಯೂನಿಟ್‌ಗಳನ್ನು ವಿದ್ಯುತ್ ಜಾಲದ ಹೊಗೆಯ ಗುಣಾಂಕದಿಂದ ಗುಣಿಸಿದರೆ ಮುಗಿಯಿತು. ಈ ಗುಣಾಂಕವನ್ನು ಕೇಂದ್ರ ವಿದ್ಯುತ್ ಪ್ರಾಧಿಕಾರ ಪ್ರಕಟಿಸುತ್ತದೆ. 2023–24ಕ್ಕೆ ಅದು ಯೂನಿಟ್‌ಗೆ ಸುಮಾರು 0.727 ಕೆ.ಜಿ. ಇಂಗಾಲದ ಡೈಆಕ್ಸೈಡ್. ತಿಂಗಳಿಗೆ ಒಂದು ಲಕ್ಷ ಯೂನಿಟ್ ಬಳಸುವ ಕಾರ್ಖಾನೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ವರ್ಷಕ್ಕೆ 12 ಲಕ್ಷ ಯೂನಿಟ್, ಅಂದರೆ ಸುಮಾರು 872 ಟನ್. ಮುಂದೆಯೂ ಇದೇ ಕಾರ್ಖಾನೆಯನ್ನು ಇಟ್ಟುಕೊಂಡು ನೋಡೋಣ.

“ಕರ್ನಾಟಕದಲ್ಲಿ ಪಾವಗಡದ ಸೋಲಾರ್ ಪಾರ್ಕ್ ಇದೆ, ಚಿತ್ರದುರ್ಗ, ಗದಗಿನ ಗಾಳಿಯಂತ್ರಗಳಿವೆ, ಶರಾವತಿ ಇದೆ. ನಮ್ಮ ಕರೆಂಟು ಅರ್ಧಕ್ಕರ್ಧ ಹಸಿರೇ ಅಲ್ಲವೇ?” ಎಂದು ಕೇಳುವವರಿದ್ದಾರೆ. ಈ ಲೆಕ್ಕಕ್ಕೆ ಅದು ನಡೆಯುವುದಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ ಮಾರ್ಗದ ಮೂಲಕ ದಕ್ಷಿಣದ ಜಾಲ ಉಳಿದ ದೇಶದ ಜಾಲದೊಂದಿಗೆ ಕೂಡಿಕೊಂಡಿತು. ಅಂದಿನಿಂದ ಇಡೀ ದೇಶಕ್ಕೆ ಒಂದೇ ಜಾಲ, ಗುಣಾಂಕವೂ ಒಂದೇ. ಕಲಬುರಗಿಯಲ್ಲಿ ಬಳಸಿದ ಯೂನಿಟ್‌ಗೂ ಕಾನ್ಪುರದಲ್ಲಿ ಬಳಸಿದ್ದಕ್ಕೂ ಸಂಖ್ಯೆಯಲ್ಲಿ ವ್ಯತ್ಯಾಸವಿಲ್ಲ.

ಶೀಟಿನಲ್ಲಿ ಎರಡು ಕಾಲಂ ಇರುತ್ತವೆ. ‘ಸ್ಥಳ ಆಧಾರಿತ’ ಎಂದರೆ ಈಗ ಹಾಕಿದ ಲೆಕ್ಕ. ನೀವು ಹೊರಗಿನಿಂದ ಯಾರ ಹತ್ತಿರ ಕೊಂಡರೂ ಇದು ಬದಲಾಗುವುದಿಲ್ಲ. ‘ಮಾರುಕಟ್ಟೆ ಆಧಾರಿತ’ ಎಂದರೆ ನಿಮ್ಮ ಖರೀದಿ ಒಪ್ಪಂದ, ಪ್ರಮಾಣಪತ್ರಗಳನ್ನು ಪರಿಗಣಿಸಿದ ಲೆಕ್ಕ. ಹಸಿರು ವಿದ್ಯುತ್ ಕೊಂಡರೆ ಇಳಿಯುವುದು ಎರಡನೆಯದು. ಎರಡನ್ನೂ ತುಂಬಬೇಕು. ಒಂದನ್ನು ಖಾಲಿ ಬಿಟ್ಟರೆ ಶೀಟ್ ವಾಪಸ್ ಬರುತ್ತದೆ.

ಡಿ.ಜಿ. ಸೆಟ್‌ನ ಡೀಸೆಲ್ ಲೀಟರಿಗೆ ಸುಮಾರು 2.7 ಕೆ.ಜಿ. ಅದು ಸ್ಕೋಪ್ 1, ಬೇರೆ ಸಾಲಿನಲ್ಲಿ ಬರೆಯಿರಿ. ಎಷ್ಟು ಹಸಿರು ಕರೆಂಟ್ ಕೊಂಡರೂ ಈ ಹೊಗೆ ವಜಾ ಆಗದು.

2. ಗಿರಾಕಿಗೆ ಮರುಪ್ರಶ್ನೆ ಕೇಳಿ

ದೊಡ್ಡ ಕಂಪನಿಯನ್ನು ಏನಾದರೂ ಕೇಳಲು ನಮ್ಮವರಿಗೆ ಒಂದು ಬಗೆಯ ಹಿಂಜರಿಕೆ. ಆದರೆ ಈ ಹಂತ ಬಿಟ್ಟು ದುಡ್ಡು ಹಾಕಿದವರೇ ಆಮೇಲೆ ಪೇಚಿಗೆ ಸಿಲುಕುವುದು. ಮೇಲ್‌ನಲ್ಲೇ ಕೇಳಿ, ಉತ್ತರ ಬರವಣಿಗೆಯಲ್ಲೇ ಬರಲಿ:

ನಮ್ಮ ಇಡೀ ಕಾರ್ಖಾನೆಯ ವಿದ್ಯುತ್ ಹಸಿರಾಗಬೇಕೋ, ನಿಮ್ಮ ಸರಕಿಗೆ ತಗಲುವ ಪಾಲು ಮಾತ್ರವೋ? ಬರೀ ಪ್ರಮಾಣಪತ್ರ ಕೊಂಡರೆ ಒಪ್ಪುತ್ತೀರೋ, ಒಪ್ಪಂದದ ಮೂಲಕ ನಿಜವಾಗಿ ವಿದ್ಯುತ್ ತರಿಸಿರಬೇಕೋ? ಲೆಕ್ಕ ಏಪ್ರಿಲ್–ಮಾರ್ಚ್ ವರ್ಷಕ್ಕೋ, ಜನವರಿ–ಡಿಸೆಂಬರ್‌ಗೋ? ನಾವು ಹಲವು ವರ್ಷದ ವಿದ್ಯುತ್ ಒಪ್ಪಂದಕ್ಕೆ ಸಹಿ ಹಾಕಬೇಕಾದರೆ ನೀವು ಆರ್ಡರಿಗೆ ಎಷ್ಟು ವರ್ಷದ ಭರವಸೆ ಕೊಡುತ್ತೀರಿ?

ಕೊನೆಯ ಪ್ರಶ್ನೆಗೆ ನೇರ ಉತ್ತರ ಸಿಗುವುದು ಅಪರೂಪ. ಆದರೂ ಕೇಳಿ. ಆರು ತಿಂಗಳ ಪರ್ಚೇಸ್ ಆರ್ಡರ್ ಹಿಡಿದುಕೊಂಡು ಹದಿನೈದು ವರ್ಷದ ಒಪ್ಪಂದ ಮಾಡಿಕೊಳ್ಳಿ ಎನ್ನುವುದರಲ್ಲಿ ಇರುವ ಅಸಂಗತತೆ ಅವರಿಗೂ ಕಾಣಲಿ.

3. ಮೊದಲು ನಿಮ್ಮದೇ ಚಾವಣಿ ನೋಡಿ

ಕಂಪ್ರೆಸ್ಡ್ ಏರ್ ಸೋರಿಕೆ ನಿಲ್ಲಿಸುವುದು, ಹಳೇ ಮೋಟರ್ ಬದಲಿಸುವುದು ಇದಕ್ಕೂ ಮುಂಚೆ ಆಗಬೇಕಾದ ಕೆಲಸ. ಅದು ನಿಮಗೆ ಗೊತ್ತಿರುವುದೇ.

ಚಾವಣಿ ಸೋಲಾರ್‌ಗೆ ಒಂದು ಕಿಲೋವ್ಯಾಟ್‌ಗೆ ಹೆಚ್ಚುಕಡಿಮೆ 100 ಚದರಡಿ ನೆರಳಿಲ್ಲದ ಜಾಗ ಬೇಕು. ನಮ್ಮ ಕಡೆಯ ಬಿಸಿಲಿಗೆ ದಿನದ ಸರಾಸರಿ 4 ಯೂನಿಟ್ ಸಿಗುತ್ತದೆ. 20,000 ಚದರಡಿ ಚಾವಣಿಯಲ್ಲಿ 200 ಕಿಲೋವ್ಯಾಟ್ ಕೂತರೆ ವರ್ಷಕ್ಕೆ ಸುಮಾರು 2.9 ಲಕ್ಷ ಯೂನಿಟ್. ನಮ್ಮ ಉದಾಹರಣೆಯ ಕಾರ್ಖಾನೆಗೆ ಅದು ಕಾಲು ಭಾಗದಷ್ಟು. ‘ಪೂರ್ತಿ ಹಸಿರು’ ಎಂದು ಮಾರಾಟಗಾರ ಹೇಳಿದರೆ ಈ ಗುಣಾಕಾರವನ್ನು ಅವರ ಎದುರಿಗೇ ಮಾಡಿ ತೋರಿಸಿ.

ಎಡವುವುದು ಮೂರು ಕಡೆ. ಒಂದು, ಆಸ್ಬೆಸ್ಟಾಸ್ ಶೀಟಿನ ಹಳೇ ಶೆಡ್. ಟ್ರಸ್ ಆ ಭಾರ ತಡೆಯುತ್ತದೆಯೇ ಎಂದು ಸ್ಟ್ರಕ್ಚರಲ್ ಎಂಜಿನಿಯರ್ ಲಿಖಿತವಾಗಿ ಕೊಡಲಿ. ಪ್ಯಾನೆಲ್ ಕೂರಿಸುವವರ ಬಾಯಿಮಾತು ಸಾಲದು. ಎರಡು, ಬಾಡಿಗೆ ಕರಾರು ಐದು ವರ್ಷದ್ದಿದ್ದು ಸೋಲಾರ್ ಒಪ್ಪಂದ ಇಪ್ಪತ್ತು ವರ್ಷದ್ದಾದರೆ ಶೆಡ್ ಖಾಲಿ ಮಾಡುವಾಗ ಪ್ಯಾನೆಲ್ ಯಾರ ಪಾಲು?

ಮೂರನೆಯದು ಕಣ್ಣಿಗೆ ಬೀಳದೇ ಹೋಗುವಂಥದ್ದು. ಬೇರೆ ಕಂಪನಿ ತನ್ನ ಖರ್ಚಿನಲ್ಲಿ ನಿಮ್ಮ ಚಾವಣಿ ಮೇಲೆ ಪ್ಯಾನೆಲ್ ಹಾಕಿ, ಯೂನಿಟ್ ಲೆಕ್ಕದಲ್ಲಿ ನಿಮಗೆ ಮಾರುವ ಪದ್ಧತಿ ಇದೆ. ಆ ಒಪ್ಪಂದದಲ್ಲಿ ‘ಪರಿಸರ ಹಕ್ಕುಗಳು’ ಅಥವಾ ಅಂಥದ್ದೇ ಹೆಸರಿನ ಒಂದು ಕಲಮು ಇರುತ್ತದೆ. ಈ ವಿದ್ಯುತ್ ಹಸಿರು ಎಂದು ಹೇಳಿಕೊಳ್ಳುವ ಅಧಿಕಾರ ಯಾರಿಗೆ ಎಂಬುದನ್ನು ತೀರ್ಮಾನಿಸುವುದು ಅದು. ಅದನ್ನು ಅವರು ತಮ್ಮಲ್ಲೇ ಉಳಿಸಿಕೊಂಡಿದ್ದರೆ, ಪ್ಯಾನೆಲ್ ನಿಮ್ಮ ತಲೆಯ ಮೇಲಿದ್ದರೂ ಗಿರಾಕಿಗೆ ಕೊಡಲು ನಿಮ್ಮ ಬಳಿ ಏನೂ ಉಳಿದಿರುವುದಿಲ್ಲ. ನೆಟ್ ಮೀಟರಿಂಗ್ (ಚಾವಣಿಯ ಹೆಚ್ಚುವರಿ ಯೂನಿಟ್ ಜಾಲಕ್ಕೆ ಕೊಟ್ಟು ಬಿಲ್ಲಿನಲ್ಲಿ ವಜಾ ಮಾಡಿಕೊಳ್ಳುವ ಪದ್ಧತಿ) ಒಪ್ಪಂದದಲ್ಲೂ ಈ ಯೂನಿಟ್‌ಗಳನ್ನು ಎಸ್ಕಾಂ (ಬೆಸ್ಕಾಂ, ಹೆಸ್ಕಾಂನಂಥ ವಿದ್ಯುತ್ ಸರಬರಾಜು ಕಂಪನಿ) ತನ್ನ ಕಡ್ಡಾಯ ಹಸಿರು ಖರೀದಿಯ ಪ್ರಮಾಣಕ್ಕೆ ಸೇರಿಸಿಕೊಳ್ಳುತ್ತದೆ ಎಂಬ ಸಾಲು ಇದೆಯೇ ಎಂದು ಓದಿ ನೋಡಿ. ಇದ್ದರೆ ಗಿರಾಕಿಗೆ ಮೊದಲೇ ತಿಳಿಸಿ, ಅವರು ಒಪ್ಪುತ್ತಾರೆಯೇ ಎಂದು ಕೇಳಿ.

4. ಮಿಕ್ಕದ್ದನ್ನು ಹೊರಗಿನಿಂದ ತನ್ನಿ

ಪಾವಗಡದಲ್ಲೋ ಗದಗಿನಲ್ಲೋ ಉತ್ಪಾದನೆಯಾದ ವಿದ್ಯುತ್ತನ್ನು ರಾಜ್ಯದ ಪ್ರಸರಣ ಕಂಪನಿಯಾದ ಕೆಪಿಟಿಸಿಎಲ್ ಮತ್ತು ಎಸ್ಕಾಂ ತಂತಿಗಳ ಮೂಲಕ ನಿಮ್ಮ ಮೀಟರಿಗೆ ತರಿಸಿಕೊಳ್ಳುವುದಕ್ಕೆ ಓಪನ್ ಆಕ್ಸೆಸ್ ಎನ್ನುತ್ತಾರೆ. ಹಿಂದೆ ಇದು ಒಂದು ಮೆಗಾವ್ಯಾಟ್ ಮೇಲ್ಪಟ್ಟವರಿಗೆ ಮಾತ್ರ ಇತ್ತು. 2022ರ ಜೂನ್‌ನಲ್ಲಿ ಬಂದ ಕೇಂದ್ರದ ನಿಯಮಗಳು ಹಸಿರು ವಿದ್ಯುತ್ತಿನ ಮಟ್ಟಿಗೆ ಅದನ್ನು 100 ಕಿಲೋವ್ಯಾಟ್‌ಗೆ ಇಳಿಸಿದವು. 2024ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಆ ನಿಯಮಗಳನ್ನೂ ಅವುಗಳನ್ನು ಆಧರಿಸಿ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗವಾದ ಕೆಇಆರ್‌ಸಿ ಮಾಡಿದ್ದ ನಿಯಮಾವಳಿಯನ್ನೂ ರದ್ದು ಮಾಡಿತು. ಹಾಗಾಗಿ 2023ರ ಯಾವುದೋ ಪವರ್‌ಪಾಯಿಂಟ್ ಹಿಡಿದು ಬರುವ ಏಜೆಂಟರನ್ನು ನಂಬಬೇಡಿ. ಸಹಿ ಹಾಕುವ ದಿನ ಜಾರಿಯಲ್ಲಿರುವ ಕೆಇಆರ್‌ಸಿ ಆದೇಶದ ಪ್ರತಿಯನ್ನು ಒಪ್ಪಂದಕ್ಕೆ ಲಗತ್ತಿಸುವಂತೆ ಕೇಳಿ. ನಿಯಮ ಬದಲಾದರೆ ಹೆಚ್ಚುವರಿ ಹೊರೆ ಯಾರದ್ದು ಎಂಬುದೂ ಒಪ್ಪಂದದಲ್ಲೇ ಇರಲಿ.

ದರ ಕೇಳುವಾಗ ಉತ್ಪಾದಕನ ಗೇಟಿನ ದರ ಕೇಳಬೇಡಿ, ನಿಮ್ಮ ಮೀಟರಿಗೆ ಬಂದು ಬೀಳುವ ದರ ಕೇಳಿ. ನಡುವೆ ಪ್ರಸರಣ ಶುಲ್ಕ, ವೀಲಿಂಗ್ ಶುಲ್ಕ (ಎಸ್ಕಾಂ ತಂತಿ ಬಳಸಿದ್ದಕ್ಕೆ), ತಂತಿಯಲ್ಲಾಗುವ ನಷ್ಟ, ಕ್ರಾಸ್ ಸಬ್ಸಿಡಿ ಸರ್‌ಚಾರ್ಜ್ (ಬೇರೆ ಗ್ರಾಹಕರ ಕಡಿಮೆ ದರದ ಕೊರತೆ ತುಂಬಲು ಹಾಕುವುದು), ಹೆಚ್ಚುವರಿ ಸರ್‌ಚಾರ್ಜ್ (ಎಸ್ಕಾಂ ಮೊದಲೇ ಒಪ್ಪಿಕೊಂಡ ಖರೀದಿಯ ಹೊರೆಗೆ ಹಾಕುವುದು), ವಿದ್ಯುತ್ ತೆರಿಗೆ ಎಲ್ಲ ಸೇರುತ್ತವೆ. ಎಸ್ಕಾಂಗೆ ಕಟ್ಟುವ ಡಿಮ್ಯಾಂಡ್ ಶುಲ್ಕ ಮೊದಲಿನಂತೆಯೇ ಮುಂದುವರಿಯುತ್ತದೆ. ಎಬಿಟಿ ಮೀಟರಿನ ಖರ್ಚು ಬೇರೆ. ಇದು ಹದಿನೈದು ನಿಮಿಷಕ್ಕೊಮ್ಮೆ ಬಳಕೆ ದಾಖಲಿಸುವ ಮೀಟರ್. ಇಷ್ಟೆಲ್ಲ ಕೂಡಿಸಿದ ಮೇಲೂ ಎಸ್ಕಾಂ ದರಕ್ಕಿಂತ ಕಡಿಮೆ ಬಂದರೆ ಮಾತ್ರ ಅದು ಉಳಿತಾಯ.

ಸರ್‌ಚಾರ್ಜ್‌ನ ಹೊರೆ ತಪ್ಪಿಸುವ ದಾರಿಯೇ ಗ್ರೂಪ್ ಕ್ಯಾಪ್ಟಿವ್. ನಾಲ್ಕಾರು ಕಾರ್ಖಾನೆಗಳು ಸೇರಿ ಸೋಲಾರ್ ಅಥವಾ ಗಾಳಿ ಘಟಕದ ಕಂಪನಿಯಲ್ಲಿ ಷೇರು ಹಿಡಿದು ‘ಸ್ವಂತ ಉತ್ಪಾದಕ’ರಾಗುವ ವ್ಯವಸ್ಥೆ ಇದು. ಸ್ವಂತ ಬಳಕೆದಾರರಿಗೆ ಕ್ರಾಸ್ ಸಬ್ಸಿಡಿ ಸರ್‌ಚಾರ್ಜ್ ವಿದ್ಯುತ್ ಕಾಯ್ದೆಯಲ್ಲೇ ಇಲ್ಲ. ಹೆಚ್ಚುವರಿ ಸರ್‌ಚಾರ್ಜ್ ಕೂಡ ಅನ್ವಯಿಸದು ಎಂದು 2021ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಷರತ್ತುಗಳು 2005ರ ವಿದ್ಯುತ್ ನಿಯಮಗಳ 3ನೇ ನಿಯಮದಲ್ಲಿವೆ. ಬಳಕೆದಾರರೆಲ್ಲ ಸೇರಿ ಕನಿಷ್ಠ ಶೇ 26 ಮಾಲೀಕತ್ವ ಹೊಂದಿರಬೇಕು, ವರ್ಷದ ಉತ್ಪಾದನೆಯಲ್ಲಿ ಕನಿಷ್ಠ ಶೇ 51ನ್ನು ಬಳಸಬೇಕು. ಗುಂಪಾಗಿ ಸೇರಿದವರಾದರೆ ಪ್ರತಿಯೊಬ್ಬರ ಬಳಕೆ ಅವರವರ ಷೇರಿಗೆ ತಕ್ಕಂತೆ, ಶೇ 10ರ ಏರಿಳಿತದೊಳಗೆ ಇರಬೇಕು.

ಕಷ್ಟ ಇರುವುದು ಈ ಶೇ 10ರಲ್ಲಿ. ಘಟಕ ವರ್ಷಕ್ಕೆ ಒಂದು ಕೋಟಿ ಯೂನಿಟ್ ಉತ್ಪಾದಿಸುತ್ತದೆ ಎನ್ನಿ. ಬಳಕೆದಾರರು ಸೇರಿ 51 ಲಕ್ಷ ಬಳಸಲೇಬೇಕು. ಅವರ ಷೇರಿನಲ್ಲಿ ನಿಮ್ಮದು ಐದರಲ್ಲೊಂದು ಪಾಲಾದರೆ ನಿಮ್ಮ ಬಾಬ್ತು 10.2 ಲಕ್ಷ. ಶೇ 10 ಕಳೆದರೂ 9.18 ಲಕ್ಷಕ್ಕಿಂತ ಕೆಳಗೆ ಇಳಿಯುವಂತಿಲ್ಲ. 12 ಲಕ್ಷ ಬಳಸುವ ಕಾರ್ಖಾನೆಗೆ ಇದೇನು ದೊಡ್ಡದಲ್ಲ ಎಂದು ಷೇರು ಕೊಳ್ಳುತ್ತೀರಿ. ಮರುವರ್ಷ ಚಾವಣಿಗೆ ಸೋಲಾರ್ ಹಾಕಿಸುತ್ತೀರಿ. ಅದರ 2.9 ಲಕ್ಷ ಕಳೆದರೆ ಹೊರಗಿನಿಂದ ತರಿಸಲು ಉಳಿಯುವ ಬಳಕೆ 9.1 ಲಕ್ಷ. ಅಷ್ಟೂ ಹೊರಗಿನದನ್ನೇ ಬಳಸಿದರೂ ಗೆರೆಯ ಕೆಳಗೇ ಇದ್ದೀರಿ. ಸ್ವಂತ ಉತ್ಪಾದಕ ಎಂಬ ಸ್ಥಾನ ಹೋದರೆ ತಪ್ಪಿಸಿಕೊಂಡಿದ್ದ ಸರ್‌ಚಾರ್ಜ್ ಇಡೀ ವರ್ಷಕ್ಕೆ ಬಂದು ಕೂರುತ್ತದೆ, ಬಿಸಿ ಗುಂಪಿನ ಉಳಿದವರಿಗೂ ತಟ್ಟಬಹುದು. ಆದ್ದರಿಂದಲೇ ಮೊದಲು ಚಾವಣಿ, ಆಮೇಲೆ ಗ್ರೂಪ್ ಕ್ಯಾಪ್ಟಿವ್ ಎಂದು ಅನುಕ್ರಮ ಹಾಕಿರುವುದು. ಹೊರಗಿನ ಪಾಲನ್ನು ಉಳಿದ ಬಳಕೆಯ ಅರುವತ್ತು ಎಪ್ಪತ್ತು ಪರ್ಸೆಂಟಿಗೆ ಮಾತ್ರ ಕಟ್ಟಿಕೊಳ್ಳಿ. ವ್ಯಾಪಾರ ಇಳಿಯುವ ವರ್ಷಗಳೂ ಬರುತ್ತವೆ.

ಗುಂಪಿನ ಉಳಿದ ಸದಸ್ಯರು ಯಾರು, ಅವರ ವ್ಯಾಪಾರ ಹೇಗಿದೆ ಎಂದೂ ವಿಚಾರಿಸಿ. ಅವರಲ್ಲೊಬ್ಬರು ಬಾಗಿಲು ಹಾಕಿದರೆ ಏನಾಗುತ್ತದೆ ಎಂಬ ಕಲಮು ಇಲ್ಲದ ಒಪ್ಪಂದಕ್ಕೆ ಸಹಿ ಬೇಡ.

ಬ್ಯಾಂಕಿಂಗ್ ಎಂದರೆ ನೀವು ಬಳಸದ ಹೊತ್ತಿನಲ್ಲಿ ಉತ್ಪಾದನೆಯಾದ ಯೂನಿಟ್‌ಗಳನ್ನು ಎಸ್ಕಾಂ ಲೆಕ್ಕದಲ್ಲಿ ಜಮಾ ಇಟ್ಟು ನಂತರ ಪಡೆಯುವುದು. ತಿಂಗಳೊಳಗೆ ಬಳಸಬೇಕೋ, ವರ್ಷದೊಳಗೋ? ಹಗಲು ಜಮಾ ಮಾಡಿದ್ದನ್ನು ಸಂಜೆಯ ಪೀಕ್ ಹೊತ್ತಿನಲ್ಲಿ ತೆಗೆಯಬಹುದೋ? ಶುಲ್ಕವಾಗಿ ಎಷ್ಟು ಯೂನಿಟ್ ಮುರಿದುಕೊಳ್ಳುತ್ತಾರೆ? ರಾತ್ರಿ ಪಾಳಿ ಇರುವವರಿಗೆ ಇಡೀ ಯೋಜನೆ ನಿಲ್ಲುವುದು, ಬೀಳುವುದು ಇದರ ಮೇಲೆಯೇ. ಅಂಥವರಿಗೆ ಗಾಳಿ ಬೆರೆತ ಒಪ್ಪಂದ ಮೇಲು. ಮುಂಗಾರಿನ ಮೋಡಕ್ಕೆ ಸೋಲಾರ್ ಕುಗ್ಗುವ ಜೂನ್–ಸೆಪ್ಟೆಂಬರ್‌ನಲ್ಲೇ ನಮ್ಮ ಗಾಳಿಯಂತ್ರಗಳು ಜೋರಾಗಿ ತಿರುಗುತ್ತವೆ, ರಾತ್ರಿಯೂ ತಿರುಗುತ್ತವೆ.

5. ಎರಡೂ ಆಗದವರಿಗೆ: ಹಸಿರು ದರ, ಪ್ರಮಾಣಪತ್ರ

ಬಾಡಿಗೆ ಶೆಡ್, ಸಣ್ಣ ಲೋಡ್, ಕೈಯಲ್ಲಿ ಬಂಡವಾಳ ಇಲ್ಲ ಎನ್ನುವವರು ಎಸ್ಕಾಂನ ಹಸಿರು ದರ ತಮ್ಮ ವರ್ಗದ ಸಂಪರ್ಕಕ್ಕೆ ಸಿಗುತ್ತದೆಯೇ ಎಂದು ಕೇಳಬಹುದು. ಮಾಮೂಲಿ ದರದ ಮೇಲೆ ಯೂನಿಟ್‌ಗೆ ಇಷ್ಟು ಪೈಸೆ ಎಂದು ಹೆಚ್ಚುವರಿ ಕಟ್ಟಿದರೆ ಅಷ್ಟು ಹಸಿರು ವಿದ್ಯುತ್ ಕೊಟ್ಟಿದ್ದೇವೆ ಎಂದು ಎಸ್ಕಾಂ ಲೆಕ್ಕ ತೋರಿಸುತ್ತದೆ.

ಇನ್ನೊಂದು ದಾರಿ ಪ್ರಮಾಣಪತ್ರ. ಜಾಲಕ್ಕೆ ಸೇರಿದ ವಿದ್ಯುತ್ ಕೆರೆಗೆ ಸೇರಿದ ನೀರಿನ ಹಾಗೆ, ಯಾವ ಹಳ್ಳದ್ದು ಎಂದು ಬೇರೆ ಮಾಡಿ ತೋರಿಸಲಾಗದು. ಅದಕ್ಕೇ ಸಾವಿರ ಯೂನಿಟ್ ಹಸಿರು ವಿದ್ಯುತ್ತಿಗೆ ಒಂದು ಪತ್ರ ಎಂದು ಲೆಕ್ಕ ಇಡುತ್ತಾರೆ. ದೇಶದೊಳಗಿನ ಇಂಥ ಪತ್ರವಾದ ಆರ್‌ಇಸಿ 2010ರಿಂದ ಇದೆ, ಐಇಎಕ್ಸ್, ಪಿಎಕ್ಸ್‌ಐಎಲ್‌ನಂಥ ವಿದ್ಯುತ್ ವಿನಿಮಯ ಕೇಂದ್ರಗಳಲ್ಲಿ ವಹಿವಾಟಾಗುತ್ತದೆ. ವಿದೇಶಿ ಗಿರಾಕಿಗಳು ಹೆಚ್ಚಾಗಿ ಹೆಸರಿಸುವುದು ಅಂತರರಾಷ್ಟ್ರೀಯ ಪತ್ರವಾದ ಐ-ಆರ್‌ಇಸಿ. ನಮ್ಮ ಉದಾಹರಣೆಯಲ್ಲಿ 12 ಲಕ್ಷ ಯೂನಿಟ್‌ಗೆ 1,200 ಪತ್ರ ಬೇಕು.

ಐ-ಆರ್‌ಇಸಿ ಕೊಂಡರೆ ಸಾಲದು, ಅದನ್ನು ‘ರಿಡೀಮ್’ ಮಾಡಬೇಕು. ಅಂದರೆ ಮತ್ತೆ ಮಾರಲಾಗದಂತೆ ನಿಮ್ಮ ಹೆಸರಿನಲ್ಲಿ ರದ್ದು ಮಾಡಿಸಬೇಕು. ಆ ಹಾಳೆಯಲ್ಲಿ ನಿಮ್ಮ ಕಾರ್ಖಾನೆಯ ಹೆಸರು, ವಿಳಾಸ, ಯಾವ ಅವಧಿಯ ಬಳಕೆಗೆ ಎಂಬುದು ಇರಬೇಕು. ಮಧ್ಯವರ್ತಿಯ ಇನ್‌ವಾಯ್ಸ್ ಪುರಾವೆಯಲ್ಲ. ಪತ್ರ ಭಾರತದ ಘಟಕದ್ದೇ ಆಗಿರಲಿ, ಬಳಕೆಯ ವರ್ಷಕ್ಕೆ ಹತ್ತಿರದ ಉತ್ಪಾದನೆಯದಾಗಿರಲಿ.

ನನ್ನ ಅಭಿಪ್ರಾಯ ಕೇಳಿದರೆ ಪ್ರಮಾಣಪತ್ರ ಒಂದೆರಡು ವರ್ಷ ಕೆಲಸ ನಡೆಸಲು ಸರಿ, ಅದರ ಮೇಲೇ ಕೂತುಬಿಡುವುದು ಬೇಡ. ಅದು ಪ್ರತಿ ವರ್ಷದ ಖರ್ಚು. ವಿದ್ಯುತ್ ಬಿಲ್ ಒಂದು ಪೈಸೆಯೂ ಇಳಿಯುವುದಿಲ್ಲ. ಹೊಸ ಗಾಳಿಯಂತ್ರ ನಿಲ್ಲಿಸಲು ಅದರಿಂದ ಎಷ್ಟು ನೆರವಾಗುತ್ತದೆ ಎಂಬುದರ ಬಗ್ಗೆಯೂ ತಕರಾರುಗಳಿವೆ.

6. ಕಡತ ಇಡಿ, ಪಾಲು ಹಂಚಿ

ಒಂದು ಫೋಲ್ಡರ್ ಮಾಡಿ. ತಿಂಗಳುವಾರು ಎಸ್ಕಾಂ ಬಿಲ್, ಅದರಲ್ಲಿ ವೀಲಿಂಗ್ ಮೂಲಕ ಬಂದು ವಜಾ ಆದ ಯೂನಿಟ್‌ಗಳ ವಿವರ, ಚಾವಣಿ ಮೀಟರಿನ ಓದು, ಖರೀದಿ ಒಪ್ಪಂದ, ಷೇರು ಪತ್ರ, ರಿಡೀಮ್ ಮಾಡಿಸಿದ ಹಾಳೆ ಎಲ್ಲ ಅದರೊಳಗೆ ಹೋಗಲಿ. ಇದೇ ಯೂನಿಟ್‌ಗಳಿಗೆ ಪ್ರಮಾಣಪತ್ರ ಪಡೆದು ಬೇರೆಯವರಿಗೆ ಮಾರಿಲ್ಲ ಎಂದು ಉತ್ಪಾದಕರಿಂದ ವರ್ಷಕ್ಕೊಂದು ಪತ್ರ ಬರೆಸಿಕೊಳ್ಳಿ.

ಆಮೇಲೆ ಹಂಚಿಕೆ. ನಮ್ಮ ಕಾರ್ಖಾನೆಯ ವಹಿವಾಟಿನಲ್ಲಿ ಒಬ್ಬ ಗಿರಾಕಿಯ ಪಾಲು ಶೇ 30 ಎಂದುಕೊಳ್ಳಿ. ಅವರ ಬಾಬ್ತಿನ ಬಳಕೆ 3.6 ಲಕ್ಷ ಯೂನಿಟ್. ಚಾವಣಿಯ 2.9 ಲಕ್ಷವನ್ನು ಎಲ್ಲ ಗಿರಾಕಿಗಳಿಗೂ ಅವರವರ ಪಾಲಿಗೆ ತಕ್ಕಂತೆ ಹಂಚಿದರೆ ಪ್ರತಿಯೊಬ್ಬರಿಗೂ ಶೇ 24ರಷ್ಟು ಹಸಿರು. ಪೂರ್ತಿ ಆ ಒಬ್ಬರಿಗೇ ಕೊಟ್ಟರೆ ಅವರಿಗೆ ಶೇ 80, ಉಳಿದವರಿಗೆ ಸೊನ್ನೆ. ಗಿರಾಕಿಗಳು ಒಪ್ಪಿದರೆ ಎರಡೂ ನಡೆಯುತ್ತದೆ. ಒಬ್ಬರಿಗೆ 80 ಎಂದು, ಇನ್ನೊಬ್ಬರಿಗೆ 24 ಎಂದು ಬರೆದುಕೊಡುವುದು ಮಾತ್ರ ಕೂಡದು. ಅದು ಒಂದೇ ಸೈಟನ್ನು ಇಬ್ಬರಿಗೆ ಬರೆದುಕೊಟ್ಟಷ್ಟೇ ತಪ್ಪು. ಇಬ್ಬರ ವರದಿಯನ್ನೂ ಒಬ್ಬರೇ ಲೆಕ್ಕಪರಿಶೋಧಕರು ನೋಡುವ ಸಾಧ್ಯತೆ ನಮ್ಮಲ್ಲಿ ಚೆನ್ನಾಗಿಯೇ ಇದೆ. ಯಾರಿಗೆ ಎಷ್ಟು ಕೊಟ್ಟಿರಿ ಎಂಬ ಪಟ್ಟಿಯೂ ಅದೇ ಫೋಲ್ಡರ್‌ನಲ್ಲಿರಲಿ.

ಕೊಳ್ಳುವ ಕಡೆ ಕೂತವರು ಓದುತ್ತಿದ್ದರೆ

ಶೀಟ್ ಕಳಿಸಿ ಗಡುವು ಹಾಕುವುದರಿಂದ ಹೊಗೆ ಇಳಿಯುವುದಿಲ್ಲ. ನಿಮ್ಮ ಇಪ್ಪತ್ತು ಪೂರೈಕೆದಾರರ ಬೇಡಿಕೆಯನ್ನು ಒಟ್ಟುಗೂಡಿಸಿ ಒಂದೇ ಖರೀದಿಗೆ ಮಾತುಕತೆ ನಡೆಸಿ. ಬಿಡಿಬಿಡಿಯಾಗಿ ಹೋದವರಿಗೆ ಸಿಗದ ದರ ಗುಂಪಿಗೆ ಸಿಗುತ್ತದೆ. ಸಣ್ಣವರ ಪರವಾಗಿ ಬ್ಯಾಂಕಿಗೆ ಭರವಸೆ ಕೊಡಲು ಆಗುತ್ತದೆಯೇ ನೋಡಿ. ಅದೂ ಆಗದಿದ್ದರೆ ಎರಡು ಮೂರು ವರ್ಷದ ಆರ್ಡರ್ ಬರೆದುಕೊಡಿ.

ಮುಂದೆ ಬರುವುದು

ಈಗಿನ ಲೆಕ್ಕ ವರ್ಷದ ಒಟ್ಟು ಯೂನಿಟ್ ಮೇಲೆ ನಡೆಯುತ್ತದೆ. ಸ್ಕೋಪ್‌ಗಳ ನಿಯಮ ಬರೆಯುವ ಜಿಎಚ್‌ಜಿ ಪ್ರೋಟೊಕಾಲ್ 2025ರ ಅಕ್ಟೋಬರ್‌ನಲ್ಲಿ ಒಂದು ಕರಡು ಹೊರಡಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಿತು. ಬಳಸಿದ ಗಂಟೆಯಲ್ಲೇ ಉತ್ಪಾದನೆಯಾದ ವಿದ್ಯುತ್ತಿಗೆ ಹೊಂದಿಸಿ ಲೆಕ್ಕ ಕೊಡಬೇಕೆಂಬ ಪ್ರಸ್ತಾಪ ಅದರಲ್ಲಿದೆ. ಅದು ಜಾರಿಯಾದರೆ ಮಧ್ಯಾಹ್ನದ ಸೋಲಾರ್ ಯೂನಿಟ್ ತೋರಿಸಿ ರಾತ್ರಿ ಪಾಳಿಯನ್ನು ಹಸಿರು ಎನ್ನುವುದು ಕಷ್ಟ. ಹತ್ತು ವರ್ಷ ದಾಟುವ ಒಪ್ಪಂದ ಮಾಡುತ್ತಿರುವವರು ಗಂಟೆವಾರು ಉತ್ಪಾದನೆಯ ದತ್ತಾಂಶ ಕೊಡಬೇಕು ಎಂಬ ಸಾಲನ್ನು ಈಗಲೇ ಸೇರಿಸಿಕೊಳ್ಳಿ. ಇದಕ್ಕೆ ಯಾರೂ ಹೆಚ್ಚು ದುಡ್ಡು ಕೇಳುವುದಿಲ್ಲ.

ಮೇಲ್ ಬಂದು ಗಡುವು ಈ ವಾರವೇ ಇದ್ದರೆ ಮೂರನ್ನು ಕಳಿಸಿ: ಹನ್ನೆರಡು ತಿಂಗಳ ಯೂನಿಟ್ ಪಟ್ಟಿ, ಸ್ಥಳ ಆಧಾರಿತ ಹೊಗೆಯ ಲೆಕ್ಕ, ಎರಡನೇ ಹಂತದಲ್ಲಿ ಹೇಳಿದ ಪ್ರಶ್ನೆಗಳು. ಹಸಿರು ಪಾಲಿನ ಕಾಲಂನಲ್ಲಿ ಸದ್ಯಕ್ಕೆ ಸೊನ್ನೆ ಬರೆಯಿರಿ. ಪುರಾವೆ ಇಲ್ಲದ ಹತ್ತು ಪರ್ಸೆಂಟ್ ಬರೆದರೆ ಮುಂದಿನ ವರ್ಷ ಅದರ ಕಾಗದ ಕೇಳುತ್ತಾರೆ.